ಐವತ್ತೆಂಟು ಗಜ ದೂರದ ಹುಂಜ

ಮೊದಲ ಸಲ ಟರ್ಕಿ ಕೋಳಿಗೆ ಗುಂಡು ಹಾರಿಸಿದಾಗ ನನಗೆ ನಲವತ್ತಮೂರು ವರ್ಷ. ಸಾಂಟಾ ಕ್ಲಾರಾದ ಒಂದು ಚಿಪ್ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ, ಕ್ಯಾಂಪ್‌ಬೆಲ್‌ನಲ್ಲಿ ಮನೆ, ಮೊಟ್ಟೆಯನ್ನೂ ಮುಟ್ಟದ ಮೈಸೂರಿನ ಗಂಡ. ನಾನು ಹಾಸನದ ಕಡೆಯವಳು. ನಮ್ಮ ಮನೆಯಲ್ಲಿ ಭಾನುವಾರ ಎಂದರೆ ಕೋಳಿ ಸಾರು. ಹಿತ್ತಲಲ್ಲಿ ಕೋಳಿ ಕುಯ್ಯುವ ಹೊತ್ತಿಗೆ ಅಮ್ಮ ಏನಾದರೂ ಕೆಲಸ ಹೇಳಿ ನನ್ನನ್ನು ಒಳಗೆ ಕಳಿಸಿಬಿಡುತ್ತಿದ್ದಳು. ಇಲ್ಲಿಗೆ ಬಂದ ಮೇಲಂತೂ ಎಲ್ಲವೂ ಪ್ಲಾಸ್ಟಿಕ್ ಸುತ್ತಿಕೊಂಡೇ ಮನೆಗೆ ಬರುತ್ತಿತ್ತು. ಇಷ್ಟು ವರ್ಷ ತಿಂದಿದ್ದೇನೆ, ಒಮ್ಮೆಯಾದರೂ ಆ ಕೆಲಸವನ್ನು ನನ್ನ ಕೈಯಿಂದ ಮಾಡಬೇಕು ಎಂಬ ಯೋಚನೆ ಬಹಳ ದಿನದಿಂದ ಇತ್ತು.

ಅದಕ್ಕೆ ದಾರಿ ತೋರಿಸಿದವರು ಪಕ್ಕದ ಮನೆಯಾಕೆ. ಎಪ್ಪತ್ತೆರಡು ದಾಟಿದ ಅಮೆರಿಕನ್ ಹೆಂಗಸು, ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತರಾದವರು. ಪ್ರತಿ ವಸಂತದಲ್ಲೂ ಪೂರ್ವದ ಗುಡ್ಡಗಳಲ್ಲಿದ್ದ ಗೆಳತಿಯ ದನದ ಫಾರಮ್ಮಿಗೆ ಟರ್ಕಿ ಬೇಟೆಗೆ ಹೋಗುತ್ತಿದ್ದರು. ದೃಷ್ಟಿ ಮಂಜಾಗುತ್ತಾ ಬಂದಿದ್ದರಿಂದ ಇನ್ನು ಕಾರು ಓಡಿಸಬೇಡಿ, ಕೋವಿಯನ್ನೂ ಹಿಡಿಯಬೇಡಿ ಎಂದು ಡಾಕ್ಟರು ಹೇಳಿದ್ದರು. ಕಾರು ನೀನು ಓಡಿಸು, ಬೇಟೆ ನಾನು ಕಲಿಸುತ್ತೇನೆ ಎಂದು ಅವರೇ ಒಂದು ದಿನ ಬೇಲಿಯ ಆಚೆಯಿಂದ ಹೇಳಿದರು. ನಾನು ಸುರಕ್ಷತೆಯ ಕೋರ್ಸು ಮುಗಿಸಿ, ಬೇಟೆಯ ಲೈಸೆನ್ಸು ತೆಗೆದುಕೊಂಡು ಒಂದು ಕೋವಿ ಕೊಂಡೆ. ಗಂಡ ತನ್ನ ಅಮ್ಮನಿಗೆ ಫೋನಿನಲ್ಲಿ, ಇವಳು ಶನಿವಾರ ಶನಿವಾರ ಟ್ರೆಕಿಂಗಿಗೆ ಹೋಗ್ತಾಳೆ ಅಂತ ಹೇಳಿದ.

ಆ ಏಪ್ರಿಲ್‌ನ ಶನಿವಾರ ನಾವಿಬ್ಬರೂ ಒಂದು ದೊಡ್ಡ ಓಕ್ ಮರದ ಬುಡಕ್ಕೆ ಬೆನ್ನು ಕೊಟ್ಟು ಕೂತಿದ್ದೆವು. ಆಕೆ ಅಂಗೈಯಗಲದ ಸ್ಲೇಟಿನ ಮೇಲೆ ಕಡ್ಡಿ ಉಜ್ಜಿ ಹೆಣ್ಣು ಟರ್ಕಿಯ ದನಿ ಹೊರಡಿಸಿದರು. ಎದುರಿನ ದಿಬ್ಬದಿಂದ ಹುಂಜ ಉತ್ತರ ಕೊಟ್ಟಿತು. ಸ್ವಲ್ಪ ಹೊತ್ತಿನಲ್ಲಿ ಬಾಲವನ್ನು ಬೀಸಣಿಗೆಯ ಹಾಗೆ ಬಿಚ್ಚಿಕೊಂಡು ಹುಲ್ಲಿನ ಮೇಲೆ ಬಂದು ನಿಂತಿತು. ನಿಂತದ್ದು ನಿಂತೇಬಿಟ್ಟಿತು, ಮುಂದೆ ಬರಲಿಲ್ಲ. ತಡೆ ಎಂದು ಆಕೆ ಪಿಸುಗುಟ್ಟಿದರು. ನನ್ನ ಕಣ್ಣಿಗೆ ಅದು ನಲವತ್ತು ಗಜದೊಳಗೇ ಇತ್ತು. ನಲವತ್ತೇ ಮಿತಿ ಎಂದು ಆಕೆ ಕಲಿಸಿದ್ದರು. ಹಕ್ಕಿ ತಿರುಗಿ ಹೊರಟೇಹೋಗುತ್ತದೆ ಅನ್ನಿಸಿತು. ಕೋವಿಯ ಕುದುರೆ ಎಳೆದೆ.

ಹುಂಜ ಉರುಳಿತು. ನಾನು ಎದ್ದು ನಿಲ್ಲುವಷ್ಟರಲ್ಲಿ ಅದೂ ಎದ್ದಿತ್ತು. ಒಂದು ರೆಕ್ಕೆ ನೆಲಕ್ಕೆ ಜೋತುಬಿದ್ದಿತ್ತು. ಅದನ್ನು ಎಳೆದುಕೊಂಡೇ ಇಳಿಜಾರಿನಲ್ಲಿ ಓಡಿ, ಕೆಳಗಿನ ಕೊರಕಲಿನ ಪೊದೆಗಳಲ್ಲಿ ಮರೆಯಾಯಿತು. ಎರಡನೇ ಗುಂಡಿಗೆ ಅವಕಾಶವೇ ಸಿಗಲಿಲ್ಲ.

ಬೆಳಗಿನ ಏಳರಿಂದ ಮಧ್ಯಾಹ್ನ ಎರಡರವರೆಗೆ ಹುಡುಕಿದೆವು. ಹುಲ್ಲಿನ ಮೇಲೆ ಮೂರು ಕಡೆ ರಕ್ತದ ಹನಿ, ಒಂದು ಬಂಡೆಯ ಹತ್ತಿರ ಪುಕ್ಕಗಳು. ಕಂಡ ಕಡೆಯಲ್ಲೆಲ್ಲ ಕಿತ್ತಳೆ ಬಣ್ಣದ ಟೇಪು ಕಟ್ಟುತ್ತಾ ಹೋದೆ. ಕೊರಕಲಿನ ಬಾಯಿಯಲ್ಲಿ ನಾಲ್ಕನೆಯ ಟೇಪು ಕಟ್ಟಿದ ಮೇಲೆ ಗುರುತೇ ಇಲ್ಲ. ಪೊದೆಯೊಳಗೆ ಮಂಡಿಯೂರಿ ನುಗ್ಗಿದೆ, ಕೈ ತರಚಿಕೊಂಡೆ, ಅತ್ತೂಬಿಟ್ಟೆ. ಆಕೆ ಮರದ ಬುಡದಿಂದ ಹಕ್ಕಿ ನಿಂತಿದ್ದ ಜಾಗದವರೆಗೆ ಉದ್ದುದ್ದ ಹೆಜ್ಜೆ ಹಾಕಿ ಎಣಿಸಿದರು. ಐವತ್ತೆಂಟು. ನನಗೆ ಕೇಳುವಂತೆ ಒಮ್ಮೆ ಹೇಳಿದರು, ಅಷ್ಟೆ. ಬೈಯಲಿಲ್ಲ. ದಿನಕ್ಕೆ ಒಂದೇ ಹಕ್ಕಿ ಎಂಬುದು ಇಲ್ಲಿಯ ಕಾನೂನು. ಸಿಗದಿದ್ದರೂ ಇವತ್ತಿನ ನಿನ್ನ ಹಕ್ಕಿ ಅದೇ ಎಂದು ಕೋವಿಯನ್ನು ಖಾಲಿ ಮಾಡಿಸಿದರು.

ಮಾರನೆಯ ದಿನ ಒಬ್ಬಳೇ ಹೋಗುವುದೆಂದು ಷೂ ಕಟ್ಟುತ್ತಿದ್ದೆ. ಗಂಡನೂ ಷೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ನೀನ್ಯಾಕೆ ಬರ್ತೀಯ, ನಿನಗೆ ನೋಡೋಕಾಗಲ್ಲ ಅಂದೆ.

"ಹೊಡೆದದ್ದು ನೀನು. ಹುಡುಕೋಕೆ ನಾಲ್ಕು ಕಣ್ಣಿದ್ರೆ ಒಳ್ಳೇದಲ್ವಾ?" ಅಂದ.

ಜೀವವಿದ್ದರೆ ನರಳಲು ಬಿಡಬಾರದೆಂದು ಕೋವಿಯನ್ನೂ ಒಯ್ದಿದ್ದೆ. ಕೊರಕಲನ್ನು ಈ ತುದಿಯಿಂದ ಆ ತುದಿಗೆ ಜಾಲಾಡಿದೆವು. ಹಕ್ಕಿ ಸಿಗಲಿಲ್ಲ. ಗಂಡನಿಗೆ ಪಾಯ್ಸನ್ ಓಕ್ ಎಂಬ ಗಿಡ ತಾಗಿ ಮೈಯೆಲ್ಲ ಕೆಂಪು ಗಂಧೆ ಎದ್ದು, ಆ ವಾರದ ಮೀಟಿಂಗುಗಳನ್ನೆಲ್ಲ ಕ್ಯಾಮೆರಾ ಆಫ್ ಮಾಡಿಕೊಂಡೇ ಮುಗಿಸಿದ.

ಆಮೇಲಿನ ಎರಡು ವಾರ ನನಗೆ ಊಟ ರುಚಿಸಲಿಲ್ಲ. ಆಫೀಸಿನಿಂದ ಬರುವಾಗ ಒಂದು ಸಂಜೆ, ಮನೆಗಳ ನಡುವಿನ ರಸ್ತೆಯಲ್ಲಿ ಟರ್ಕಿಗಳ ಹಿಂಡೊಂದು ಆರಾಮಾಗಿ ದಾಟುತ್ತಿತ್ತು. ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಿದ್ದರೂ ನಾನು ಒಂದೊಂದರ ರೆಕ್ಕೆಯನ್ನೂ ನೋಡುತ್ತಾ ಕೂತಿದ್ದೆ. ಗುಡ್ಡ ಅಲ್ಲಿಂದ ಎಷ್ಟೋ ಮೈಲಿ ದೂರ ಎಂದು ಗೊತ್ತಿದ್ದರೂ. ಅವತ್ತೇ ಪಕ್ಕದ ಮನೆಯಾಕೆಗೆ, ಕೋವಿ ಮಾರಿಬಿಡುತ್ತೇನೆ, ಇದು ನನ್ನ ಕೈಯಲ್ಲಾಗುವ ಕೆಲಸವಲ್ಲ ಎಂದು ಹೇಳಿದೆ. ಆಕೆ ತೋಟಕ್ಕೆ ನೀರು ಬಿಡುತ್ತಿದ್ದರು. ಪೈಪು ಕೆಳಗಿಟ್ಟು ನಿಧಾನವಾಗಿ ಮಾತಾಡಿದರು. ತಮಗೂ ಎರಡು ಸಲ ಹೀಗಾಗಿದೆಯಂತೆ. ಎರಡೂ ಹಕ್ಕಿಗಳು ಹೋದ ದಿಕ್ಕು ಇವತ್ತಿಗೂ ನೆನಪಿದೆಯಂತೆ.

"ಬಿಡೋದಾದರೆ ಬಿಡು. ಆದರೆ ಸರಿಯಾಗಿ ಹೊಡೆಯೋಕೆ ಕಲಿತ ಮೇಲೆ ಬಿಡು. ಈಗ ಬಿಟ್ಟರೆ ಅದು ಓಡಿಹೋದ ಹಾಗೆ," ಎಂದರು.

ಆ ಮಾತು ನನ್ನನ್ನು ತಟ್ಟಿ ಎಬ್ಬಿಸಿತು. ನನ್ನ ಕಸುಬೇ ತಪ್ಪು ಎಲ್ಲಿದೆ ಎಂದು ಹುಡುಕುವುದು. ಚಿಪ್ ಕೆಟ್ಟರೆ ಅಳುತ್ತಾ ಕೂರುವುದಿಲ್ಲ, ಯಾಕೆ ಕೆಟ್ಟಿತು ಎಂದು ಬಿಚ್ಚಿ ನೋಡುತ್ತೇನೆ. ಶೂಟಿಂಗ್ ರೇಂಜಿಗೆ ಹೋಗಿ ದೊಡ್ಡ ಕಾಗದದ ಮೇಲೆ ಹಕ್ಕಿಯ ತಲೆ, ಕತ್ತು ಬರೆದು ಬೇರೆ ಬೇರೆ ದೂರದಿಂದ ಹೊಡೆದೆ. ಒಂದೇ ಹೊಡೆತಕ್ಕೆ ಚದುರಿ ಹಾರುವ, ಕಾಳಿನಷ್ಟಿರುವ ಚರೆಗಳು ಮೂವತ್ತು ಗಜದಲ್ಲಿ ಕತ್ತಿನ ಸುತ್ತ ಒತ್ತಾಗಿ ಬಿದ್ದವು. ನಲವತ್ತರಲ್ಲಿ ಬಿಡಿಬಿಡಿಯಾದವು. ಐವತ್ತೆಂಟರಲ್ಲಿ ಕಾಗದದ ಮೇಲೆ ಕೈ ತೂರುವಷ್ಟು ಖಾಲಿ ಜಾಗಗಳು. ಇನ್ನೊಂದು ಸಂಗತಿಯೂ ಸಿಕ್ಕಿತು. ನಾನು ಅಭ್ಯಾಸ ಮಾಡಿದ್ದು ಒಂದು ಬಗೆಯ ಕಾರ್ಟ್ರಿಜ್‌ನಲ್ಲಿ, ಬೇಟೆಗೆ ಒಯ್ದದ್ದು ಇನ್ನೊಂದು ಬಗೆಯದನ್ನು. ಎರಡರಲ್ಲೂ ಚರೆ ಹರಡಿಕೊಳ್ಳುವ ರೀತಿಯೇ ಬೇರೆ. ಕಾಗದವನ್ನು ಸುರುಳಿ ಸುತ್ತಿಕೊಂಡು ಮನೆಗೆ ಬಂದಾಗ, ಎಷ್ಟೋ ದಿನದ ಮೇಲೆ ನನಗೆ ಚೆನ್ನಾಗಿ ಹಸಿವಾಯಿತು.

ಉಳಿದದ್ದು ಕಣ್ಣಿನ ಅಂದಾಜು. ಅದನ್ನು ಆಟವಾಗಿ ಮಾಡಿದವನು ನನ್ನ ಗಂಡ. ಸಂಜೆ ಹೊಳೆಯ ಪಕ್ಕದ ದಾರಿಯಲ್ಲಿ ವಾಕಿಂಗ್ ಹೋಗುವಾಗ ತಟ್ಟನೆ ನಿಂತು, ಆ ಬೆಂಚು ಎಷ್ಟು ದೂರ ಎಂದು ಕೇಳುತ್ತಿದ್ದ. ನಾನು ಹೇಳಿದ ಮೇಲೆ ತಾನೇ ಎಣಿಸುತ್ತಾ ನಡೆಯುತ್ತಿದ್ದ. ಮೊದಮೊದಲು ಹತ್ತು, ಹದಿನೈದು ಗಜ ತಪ್ಪುತ್ತಿತ್ತು. ಬಯಲಿನಲ್ಲಿ ಎಲ್ಲವೂ ನನಗೆ ಇರುವುದಕ್ಕಿಂತ ಹತ್ತಿರ ಕಾಣುತ್ತಿತ್ತು. ಅಂಗಡಿಯ ಪಾರ್ಕಿಂಗಿನಲ್ಲಿ ಕೊತ್ತಂಬರಿ ಸೊಪ್ಪಿನ ಚೀಲ ಹಿಡಿದು ಅವನು ಗಟ್ಟಿಯಾಗಿ ಎಣಿಸುತ್ತಾ ಹೋಗುವುದನ್ನು ಜನ ತಿರುಗಿ ನೋಡುತ್ತಿದ್ದರು. ಮಳೆಗಾಲದ ಹೊತ್ತಿಗೆ ತಪ್ಪು ಐದಕ್ಕೆ ಇಳಿಯಿತು, ಸಂಕ್ರಾಂತಿಯ ಹೊತ್ತಿಗೆ ಎರಡಕ್ಕೆ. ಒಂದು ಸಂಜೆ ಸತತವಾಗಿ ಎಂಟು ಸಲ ಸರಿಯಾಗಿ ಹೇಳಿದೆ. ಅವನು ರಸ್ತೆಯಲ್ಲೇ ಕೈಮುಗಿದ.

ಮತ್ತೆ ವಸಂತ ಬಂತು. ಗುಡ್ಡಗಳು ಹಸಿರಾದವು. ಮೊದಲ ಶನಿವಾರ ನಾನೂ ಆಕೆಯೂ ಮರಕ್ಕೆ ಒರಗಿ ಕೂತೆವು. ಸ್ಲೇಟಿನ ದನಿಗೆ ಒಂದು ಹುಂಜ ಬಂತು. ಹಿಂದಿನ ವರ್ಷದ್ದಕ್ಕಿಂತ ದೊಡ್ಡದು, ಎದೆಯ ಕೂದಲ ಕುಚ್ಚು ಹುಲ್ಲಿಗೆ ತಾಗುತ್ತಿತ್ತು. ಬಂದು ನಿಂತು ಕತ್ತು ಚಾಚಿತು. ಕೋವಿಯನ್ನು ಭುಜಕ್ಕೆ ಒತ್ತಿ ಗುರಿ ಹಿಡಿದಿದ್ದೆ. ಆಕೆಗೆ ಅದು ಮಸುಕಾಗಿ ಮಾತ್ರ ಕಾಣುತ್ತಿತ್ತು. ಎಷ್ಟು ಎಂದು ತುಟಿಯಲ್ಲೇ ಕೇಳಿದರು.

"ನಲವತ್ತಾರು," ಎಂದೆ.

ಹುಂಜ ಹತ್ತು ನಿಮಿಷ ಅಲ್ಲೇ ಮೆರೆದಾಡಿತು. ಕೋವಿ ಹಿಡಿದ ನನ್ನ ತೋಳು ಸೋತುಬಂತು. ಬೆರಳು ಮಾತ್ರ ಕುದುರೆಯ ಮೇಲೆ ಹೋಗಲಿಲ್ಲ. ಕೊನೆಗೆ ಅದು ಬೇಸರವಾದಂತೆ ಬಾಲ ಮಡಚಿ, ನಡೆದುಕೊಂಡೇ ದಿಬ್ಬ ಹತ್ತಿಹೋಯಿತು. ನಾವು ಎದ್ದು ಎಣಿಸಿದೆವು. ನಲವತ್ತೇಳು. ಆಕೆ ನನ್ನ ಬೆನ್ನಿಗೆ ಬಾರಿಸಿದ ಹೊಡೆತಕ್ಕೆ ನನ್ನ ಟೋಪಿ ಬಿತ್ತು. ಬರಿಗೈಯಲ್ಲಿ ಫ್ರೀವೇ ಹಿಡಿದ ನಾನು ದಾರಿಯುದ್ದಕ್ಕೂ ಹಾಡಿಕೊಂಡೇ ಕಾರು ಓಡಿಸಿದೆ. ಹೊಡೆಯದೆ ಬಿಟ್ಟದ್ದಕ್ಕೆ ಇಷ್ಟೊಂದು ಗೆದ್ದಂತೆ ಅನ್ನಿಸಬಹುದೆಂದು ನನಗೆ ಗೊತ್ತಿರಲಿಲ್ಲ.

ಎರಡು ವಾರ ಬಿಟ್ಟು ಇನ್ನೊಂದು ಹುಂಜ ಬಂತು. ಇದು ಸದ್ದಿಲ್ಲದೆ ಎಡಗಡೆಯಿಂದ ಬಂದು, ಬಿದ್ದ ಕೊಂಬೆಯೊಂದನ್ನು ದಾಟಿ ತಲೆಯೆತ್ತಿತು. ಇಪ್ಪತ್ತನಾಲ್ಕು ಗಜ. ಉಸಿರು ಅರ್ಧ ಬಿಟ್ಟು, ಕತ್ತಿನ ಬುಡ ನೋಡಿ ಹೊಡೆದೆ. ಹಕ್ಕಿ ನಿಂತಲ್ಲೇ ಬಿತ್ತು. ರೆಕ್ಕೆ ಕೆಲವು ಸಲ ಬಡಿದು ಸುಮ್ಮನಾಯಿತು. ನಾನು ಓಡಿಹೋಗಿ ಪಕ್ಕದಲ್ಲಿ ಕೂತು ಎದೆಯ ಮೇಲೆ ಕೈಯಿಟ್ಟೆ. ಬಿಸಿಯಿತ್ತು. ಬಿಸಿಲು ಬಿದ್ದ ಕಡೆ ಪುಕ್ಕಗಳು ತಾಮ್ರದ ಬಣ್ಣಕ್ಕೆ ತಿರುಗುತ್ತಿದ್ದವು. ಹೋದ ವರ್ಷದ ಹುಂಜ ಏನಾಯಿತೆಂದು ನನಗೆ ಎಂದೂ ಗೊತ್ತಾಗುವುದಿಲ್ಲ, ಆ ಭಾರ ಹೋಗುವುದೂ ಇಲ್ಲ. ಆದರೆ ಅದನ್ನು ಹೊತ್ತುಕೊಂಡೇ ನೆಟ್ಟಗೆ ನಿಲ್ಲಬಲ್ಲೆ ಎಂದು ಆ ಬೆಳಿಗ್ಗೆ ತಿಳಿಯಿತು. ನನ್ನ ಹಿಂದಿನಿಂದ ಆಕೆ ಎರಡೂ ಕೈ ಮೇಲೆತ್ತಿಕೊಂಡು, ಎಡವುತ್ತಾ, ನಗುತ್ತಾ ಬರುತ್ತಿದ್ದರು.

ಪುಕ್ಕ ಕಿತ್ತು ಹಸನು ಮಾಡುವ ಕೆಲಸವನ್ನೂ ನಾನೇ ಮಾಡಿದೆ. ಭಾನುವಾರ ತೆಂಗಿನಕಾಯಿ, ಕೊತ್ತಂಬರಿ ಬೀಜ, ಚಕ್ಕೆ, ಲವಂಗ, ಗಸಗಸೆ ಹುರಿದು ರುಬ್ಬಿ, ಕಾಲಿನ ಗಟ್ಟಿ ಮಾಂಸವನ್ನು ಮೂರು ಗಂಟೆ ಬೇಯಿಸಿ ಸಾರು ಮಾಡಿದೆ. ರಾಗಿ ಮುದ್ದೆ ಕಟ್ಟಿದೆ. ಗಂಡ ತನಗೆ ಬಸ್ಸಾರು ಮಾಡಿಕೊಂಡು ನಮ್ಮ ಜೊತೆಗೇ ಕೂತ. ಪಕ್ಕದ ಮನೆಯಾಕೆ ಮುದ್ದೆಯನ್ನು ಅಗಿಯಲು ಹೊರಟರು. ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ಅವನೇ ತನ್ನ ತಟ್ಟೆಯಲ್ಲಿ ಮುರಿದು ತೋರಿಸಿದ. ಆಕೆ ಕಣ್ಣು ಮುಚ್ಚಿಕೊಂಡು ಒಂದು ತುತ್ತು ನುಂಗಿದರು. ಆಮೇಲೆ ಬೆರಳು ನೆಕ್ಕಿ, ಇನ್ನೊಂದು ಮುದ್ದೆಗೆ ತಟ್ಟೆ ಮುಂದೆ ಮಾಡಿದರು.