ಹಸಿರು ರೆಕ್ಸಿನ್ನಿನ ಪೆಟ್ಟಿಗೆ

ನಾನು ಮರಿಯಪ್ಪ, ಹೊಸಹಳ್ಳಿಯವನು. ಮಾಗಡಿ ರಸ್ತೆಯ ಜಟಕಾ ಸ್ಟ್ಯಾಂಡಿನ ಎದುರು, ಹುಣಸೇಮರದ ಕೆಳಗೆ ಕೂತು ಜಟಕಾ ಗಾಡಿಗಳಿಗೆ ಮೆತ್ತೆ ಹೊಲಿಯುತ್ತಿದ್ದೆ. ಆದರೆ ಯಾರಾದರೂ ನನ್ನನ್ನು ಮೆತ್ತೆ ಹೊಲಿಯುವವನು ಅಂದರೆ ಮೈಯೆಲ್ಲ ಉರಿಯುತ್ತಿತ್ತು. ‘ಸೀಟ್ ಮೇಕರ್’ ಅನ್ನಬೇಕು. ಹಾಗಂತ ಒಂದು ತಗಡಿನ ಮೇಲೆ ಬರೆಸಿ ಮರಕ್ಕೆ ಹೊಡೆದಿದ್ದೆ. ಅದನ್ನು ಓದಿ ಬೆರಗಾಗುವಂಥವರು ಆ ದಾರಿಯಲ್ಲಿ ಓಡಾಡುತ್ತಿರಲಿಲ್ಲ, ಕುದುರೆಗಳೇ ಜಾಸ್ತಿ.

ನನ್ನ ಕಸುಬಿನ ತತ್ವ ಎರಡೇ. ತೂತು ಕಂಡರೆ ಮುಚ್ಚು. ಗಟ್ಟಿಯಾಗಿದ್ದರೆ ಹತ್ತಿ ತುಂಬು. ಬೂರುಗದ ಹತ್ತಿ ತುಂಬಿ, ಮೇಲೆ ರೆಕ್ಸಿನ್ ಎಳೆದು, ಸಾಲಾಗಿ ಗುಂಡಿ ಒತ್ತಿ ಹೊಲಿದರೆ ಒರಗುವ ಬೆನ್ನಿಗೆ ಸುಖ, ನೋಡುವ ಕಣ್ಣಿಗೂ ಸುಖ. ಮನೆಯಲ್ಲಿ ಕಾಲುಮಣೆಗೂ ಗುಂಡಿ ಹೊಡೆದಿದ್ದೆ. “ನಾನು ಸ್ವಲ್ಪ ಹೊತ್ತು ಅಲ್ಲಾಡದೆ ಕೂತ್ರೆ ನಂಗೂ ಹೊಡೀತೀಯ ನೀನು” ಅಂತ ನನ್ನ ಹೆಂಡತಿ ಪಾಪಮ್ಮ ಅನ್ನುತ್ತಿದ್ದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ನನ್ನ ಕೆಲಸವನ್ನು ಒಂದು ಸಲವೂ ಹೊಗಳಿರಲಿಲ್ಲ. ಅವಳಿಗೆ ತಿಳಿವಳಿಕೆ ಸಾಲದು ಅಂತ ನಾನು ಸಮಾಧಾನ ಮಾಡಿಕೊಂಡಿದ್ದೆ.

ಐವತ್ತೇಳರ ಮಾರ್ಚಿರಬೇಕು. ರಾಜಾಜಿನಗರದಲ್ಲಿ ಹೊಸ ಮನೆಗಳು ಏಳುತ್ತಿದ್ದ ಕಾಲ. ಒಂದು ಬೆಳಿಗ್ಗೆ ಜಟಕಾದಿಂದ ಒಬ್ಬ ಹುಡುಗಿ ಇಳಿದಳು, ಹಿಂದೆಯೇ ಅವಳ ಅಪ್ಪ. ಅವರು ಲಕ್ಷ್ಮೀಪತಿಯವರು, ಕಾರ್ಖಾನೆಯಲ್ಲಿ ಗುಮಾಸ್ತರು. ಹುಡುಗಿಯ ಹೆಸರು ಜಲಜಾ. ಇಬ್ಬರೂ ಸೇರಿ ಒಂದು ಪೆಟ್ಟಿಗೆಯನ್ನು ಇಳಿಸಿ ನನ್ನ ಮುಂದಿಟ್ಟರು. ಕಂದು ಚರ್ಮ ಹೊದಿಸಿದ ಹಳೇ ಪೆಟ್ಟಿಗೆ, ಮೂಲೆಗಳೆಲ್ಲ ಸುಲಿದುಹೋಗಿದ್ದವು, ಹಿಂದುಗಡೆ ಹಲಗೆಯೇ ಇರಲಿಲ್ಲ. ಮುಂದೆ ಒಂದು ದುಂಡು ತೂತು, ಅದರ ಮೇಲೆ ಜಾಳುಜಾಳಾದ ಒಂದು ಬಟ್ಟೆ. ಹತ್ತಿರ ಹೋದರೆ ಹಳೇ ಬ್ರಾಂದಿಯ ವಾಸನೆ.

“ಇದು ಗಿಟಾರಿನ ಸ್ಪೀಕರ್ ಪೆಟ್ಟಿಗೆ” ಎಂದಳು ಜಲಜಾ. ಅವಳ ಸೋದರಮಾವ ಕಿಟ್ಟಿ ಎಂಬಾತ, ಕಂಟೋನ್ಮೆಂಟಿನಲ್ಲಿ ಯಾರೋ ದೊರೆ ಊರು ಬಿಡುವಾಗ ಹರಾಜಿನಲ್ಲಿ ಹವಾಯಿ ಗಿಟಾರನ್ನೂ ಇದನ್ನೂ ತಂದುಕೊಟ್ಟಿದ್ದನಂತೆ. ತೊಡೆಯ ಮೇಲೆ ಮಲಗಿಸಿಕೊಂಡು ನುಡಿಸುವ ಗಿಟಾರು. ವೈರು ಚುಚ್ಚಿದರೆ ದನಿ ಈ ಪೆಟ್ಟಿಗೆಯಿಂದ ಬರುತ್ತದೆ. ಎರಡು ವರ್ಷದಿಂದ ಹುಡುಗಿ ಅದರಲ್ಲಿ ಕೀರ್ತನೆ ನುಡಿಸುವುದನ್ನು ಕಲಿತಿದ್ದಳು.

ಲಕ್ಷ್ಮೀಪತಿಯವರು ವಿಷಯಕ್ಕೆ ಬಂದರು. “ನೋಡ್ರಿ, ನಂಗಿದು ಸರಿಬೀಳಲ್ಲ. ವೀಣೆ ಕಲಿಯೋ ಕೈ ಅದು. ನಮ್ಮ ಬೀದಿ ರಾಮೋತ್ಸವದಲ್ಲಿ ಒಂದು ಸಂಜೆ ನುಡಿಸ್ತಾಳೆ. ಜನ ಕೂತು ಕೇಳಿದ್ರೆ ಮನೇಲಿಟ್ಕೊಳ್ಳಲಿ. ಎದ್ದು ಹೋದ್ರೆ ಎರಡನ್ನೂ ಕಂಟೋನ್ಮೆಂಟಿಗೇ ವಾಪಸ್ ಕಳಿಸ್ತೀನಿ. ಒಪ್ಪಿದಾಳೆ.”

ಜಲಜಾ ತಲೆ ತಗ್ಗಿಸಿ ಪೆಟ್ಟಿಗೆಯ ಮೂಲೆ ಸವರುತ್ತ ನಿಂತಿದ್ದಳು. ಒಪ್ಪದೆ ಏನು ಮಾಡಿಯಾಳು.

ತಕರಾರು ತೆಗೆದದ್ದು ಪೆಂಡಾಲಿನ ಹಿರಿಯರು. ಬ್ರಾಂದಿ ಕುಡಿದ ಚರ್ಮದ ಪೆಟ್ಟಿಗೆಯನ್ನು ರಾಮದೇವರ ಮುಂದೆ ಇಡಕೂಡದು ಎಂದುಬಿಟ್ಟಿದ್ದರು. “ಮೃದಂಗಕ್ಕೂ ಚರ್ಮಾನೇ ಅಲ್ವಾ ಅಂತ ಕೇಳ್ದೆ” ಎಂದಳು ಜಲಜಾ. “ಅದು ಬೇರೆ ಅಂದ್ರು.” ಹಾಗಾಗಿ ಚರ್ಮವೆಲ್ಲ ಸುಲಿದು, ಮಡಿಗೆ ಒಗ್ಗುವಂಥದ್ದೇನಾದರೂ ಹೊದಿಸಬೇಕಿತ್ತು.

“ಎಂಟು ದಿನ ಟೈಮ್ ಕೊಡಿ ಸಾರ್. ಇದನ್ನ ಮಾಡಿದ್ದು ಮರಿಯಪ್ಪ ಅಂತ ಊರೆಲ್ಲ ಹೇಳ್ಬೇಕು, ಹಂಗೆ ಮಾಡ್ಕೊಡ್ತೀನಿ” ಎಂದೆ. ಆ ಮಾತೊಂದು ನಿಜವಾಯಿತು.

ಹೊರಡುವಾಗ ಹುಡುಗಿ ತಿರುಗಿ ನೋಡಿ, “ಮುಂದಿರೋ ಬಟ್ಟೆ ಜೋಪಾನ” ಎಂದಳು. ನಾನು ತಲೆಯಾಡಿಸಿದೆ. ಬಟ್ಟೆಯ ಕಸುಬು ನಂಗೆ ಹೇಳ್ಕೊಡ್ತಾಳೆ ಇವಳು ಅಂತ ಒಳಗೊಳಗೇ ಉರಿದುಕೊಂಡೆ. ನನ್ನ ಮುಂಗೋಪ ನನಗೆ ಮಾಡಿರುವಷ್ಟು ಹಾನಿಯನ್ನು ಶತ್ರುಗಳೂ ಮಾಡಿಲ್ಲ.

ಸುಲಿಯುವುದು ಕಷ್ಟದ ಕೆಲಸ. ಇಂಗ್ಲಿಷಿನವರ ಅಂಟು, ಮೊಂಡು ಅಂಟು. ಕುದಿಯುವ ನೀರಲ್ಲಿ ಗೋಣಿ ಅದ್ದಿ, ಚರ್ಮದ ಮೇಲೆ ಹಾಸಿ, ಬೆವರಿದ ಮೇಲೆ ಮೊಂಡು ಚಾಕುವಿನಿಂದ ಬೆರಳಗಲ ಬೆರಳಗಲ ಎಬ್ಬಿಸಬೇಕು. ಮೂರು ದಿನ ಹಿಡಿಯಿತು. ಒಳಗಿನ ಸ್ಪೀಕರನ್ನು ನಾಲ್ಕು ಬೋಲ್ಟು ಬಿಚ್ಚಿ ಹೊರಗೆ ತೆಗೆದೆ. ಮುಂದೆ ಕಪ್ಪು ಕಾಗದದ ಆಲಿಕೆ, ಹಿಂದೆ ಒಂದು ದಪ್ಪ ಅಯಸ್ಕಾಂತ. ಅಯಸ್ಕಾಂತ ಅಂತ ಆಮೇಲೆ ಗೊತ್ತಾದದ್ದು. ನಾನು ಅದನ್ನು ಮೊಳೆ ಡಬ್ಬಿಯ ಮೇಲೆ ಇಟ್ಟುಬಿಟ್ಟಿದ್ದೆ. ಎತ್ತಿದರೆ ಮೊಳೆಗಳೆಲ್ಲ ಗಡ್ಡದ ಹಾಗೆ ಜೋತುಕೊಂಡು ಬಂದವು. ಜಟಕಾದವರೆಲ್ಲ ನೋಡಲು ಸೇರಿದರು, ಇನ್ನೂರು ಮೊಳೆಯನ್ನು ಒಂದೊಂದಾಗಿ ಕೀಳುವುದರಲ್ಲಿ ನನ್ನ ಒಂದು ಮಧ್ಯಾಹ್ನ ಕಳೆಯಿತು.

ಚರ್ಮದ ಕೆಳಗಿನ ಮರ ಮಾತ್ರ ಮಗುವಿನ ಕೆನ್ನೆಯಂತಿತ್ತು. ಅದಕ್ಕೆ ಹಸಿರು ರೆಕ್ಸಿನ್ ಆರಿಸಿದೆ. ಅಂಟಿಗೆ ಮೈದಾ ಬೇಯಿಸಿ, ಹುಳ ಬೀಳದಿರಲೆಂದು ಮೈಲುತುತ್ತ ಬೆರೆಸಿದೆ. ರಾಮದೇವರ ಕೆಲಸವಲ್ಲವೇ, ಆ ಎಂಟು ದಿನ ಮೊಟ್ಟೆಯನ್ನೂ ಮುಟ್ಟಲಿಲ್ಲ. ಮೂಲೆಗಳಲ್ಲಿ ರೆಕ್ಸಿನ್ ಮಡಿಸಿದ ಅಂದ ನೋಡಿ ನನ್ನ ದೃಷ್ಟಿಯೇ ತಗಲುವಂತಿತ್ತು.

ಕೊನೆಗೆ ಉಳಿದದ್ದು ಮುಂದಿನ ತೂತು. ಆ ಜಾಳು ಬಟ್ಟೆಯನ್ನು ಬಿಚ್ಚಿ ಬೆಳಕಿಗೆ ಹಿಡಿದೆ. ಆಚೆ ಬದಿಯ ಕುದುರೆ ಕಾಣುತ್ತಿತ್ತು. ಇಷ್ಟು ಒಳ್ಳೇ ಮರ, ಇಷ್ಟು ಒಳ್ಳೇ ರೆಕ್ಸಿನ್, ಮುಖಕ್ಕೆ ಮಾತ್ರ ಈ ಹಿಟ್ಟು ಜರಡಿಯೇ ಎನ್ನಿಸಿತು. ದೊರೆಗೆ ದುಡ್ಡಿಗೆ ತತ್ವಾರ ಇದ್ದಿರಬೇಕು ಅಂತ ತೀರ್ಮಾನ ಮಾಡಿದೆ. ಪಾಪಮ್ಮ ನೀರು ತಂದವಳು ನಿಂತು ನೋಡಿದಳು.

“ಅದು ತೆಳ್ಳಗಿರೋದು ಯಾತಕ್ಕಾದ್ರೂ ಇರ್ಬೇಕು” ಎಂದಳು.

“ಯಾತಕ್ಕೂ ಇಲ್ಲ, ಹಳೇದು. ನಿಂಗೇನ್ ಗೊತ್ತು, ಸುಮ್ನಿರು.”

ಅವಳು ಸುಮ್ಮನೆ ಆ ಬಟ್ಟೆಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಹೋದಳು. ನಾನು ತೂತಿನ ಮುಂದೆ ಎರಡು ಬೆರಳು ದಪ್ಪ ಬೂರುಗದ ಹತ್ತಿ ಕೂರಿಸಿ, ರೆಕ್ಸಿನ್ ಬಿಗಿದು, ಒಂಬತ್ತು ಗುಂಡಿ ಹೊಡೆದೆ. ಹತ್ತಿ ಒಳಗೆ ಬೀಳದಂತೆ ಬಿದಿರಿನ ದಬ್ಬೆಗಳನ್ನು ಅಡ್ಡ ಕೊಟ್ಟಿದ್ದೆ. ಒಳಗೆ ಸ್ಪೀಕರನ್ನು ಬಿಗಿದು, ಹಿಂದುಗಡೆಗೂ ಹಲಗೆ ಹೊಡೆದು, ವೈರಿಗೆ ಮಾತ್ರ ಸಣ್ಣ ಸಂದು ಬಿಟ್ಟೆ. ಮೈಸೂರಿನ ಸಾರೋಟಿಗೂ ಅಂಥ ಮೆತ್ತೆ ಇರಲಾರದು. ಜಟಕಾದವರೆಲ್ಲ ಬಂದು ಸವರಿ ಹೋದರು, ಒಬ್ಬ ಕೂತೂ ನೋಡಿದ.

ಮೊಳೆ ಕಿತ್ತ ಮಧ್ಯಾಹ್ನದ ದೆಸೆಯಿಂದ ಕೆಲಸ ತಡವಾಗಿತ್ತು. ಒಂಬತ್ತನೇ ದಿನ ಸಂಜೆ ಪೆಟ್ಟಿಗೆ ನನ್ನ ಅಂಗಡಿಯಿಂದ ಸೀದಾ ಪೆಂಡಾಲಿಗೇ ಹೋಯಿತು. ಅಷ್ಟರಲ್ಲಿ ಜನ ಕೂತಾಗಿತ್ತು, ಪಾನಕ ಹಂಚುತ್ತಿದ್ದರು. ಹಿರಿಯರು ಪೆಟ್ಟಿಗೆಯನ್ನು ಮೂಸಿ ನೋಡಿ ಸೈ ಎಂದರು. ಜಲಜಾ ಅದರ ಮುಖ ನೋಡಿ ಬೆಚ್ಚಿದಳು.

“ಬಟ್ಟೆ ಎಲ್ಲಿ ಮರಿಯಪ್ಪನೋರೇ?”

“ಅದಕ್ಕಿಂತ ಚೆನ್ನಾಗಿರೋದು ಹಾಕಿದೀನಿ ಕಣಮ್ಮ” ಎಂದೆ. ಅವಳು ಇನ್ನೇನೋ ಕೇಳುವಷ್ಟರಲ್ಲಿ ಹೆಸರು ಕರೆದರು. ನಾನು ಇಸ್ತ್ರಿ ಪಂಚೆ ಉಟ್ಟು, ಪಾಪಮ್ಮನನ್ನೂ ಕರೆತಂದು, ಮುಂದಿನ ಸಾಲಿನಲ್ಲೇ ಕೂತಿದ್ದೆ. ಎಲ್ಲರೂ ಪೆಟ್ಟಿಗೆಯನ್ನು ನೋಡಲಿ, ಆಮೇಲೆ ನನ್ನನ್ನು ನೋಡಲಿ ಅಂತ.

ಜಲಜಾ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ತಂತಿ ಮೀಟಿದಳು. ಕಂಬಳಿ ಹೊದ್ದು ಮಲಗಿದವರು ಒಳಗಿಂದ ಹೂಂ ಎಂದಂತೆ ಏನೋ ಕೇಳಿಸಿತು. ಅವಳು ಗಿಟಾರಿನ ಗುಂಡಿ ತಿರುಗಿಸಿ ದನಿ ಏರಿಸಿದಳು. ಹೂಂ ಎನ್ನುವುದು ಗೊರಕೆಯಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕೀರ್ತನೆಯ ಅರ್ಧಕ್ಕೆ ಎರಡು ಸಾಲು ಎದ್ದು ಪಾನಕದ ಕೊಳಗದ ಕಡೆ ಹೋಯಿತು. ಪಕ್ಕದಲ್ಲೇ ಕೂತಿದ್ದ ಲಕ್ಷ್ಮೀಪತಿಯವರು ಕನ್ನಡಕ ತೆಗೆದು ಒರೆಸುತ್ತಿದ್ದರು. ಹುಡುಗಿ ನಿಲ್ಲಿಸಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಕೈ ತಾಳ ತಪ್ಪಲಿಲ್ಲ. ಕೇಳಿಸದ ಹಾಡನ್ನು ಅಷ್ಟು ಶ್ರದ್ಧೆಯಿಂದ ನುಡಿಸುವ ಇನ್ನೊಬ್ಬರನ್ನು ನಾನು ಕಂಡಿಲ್ಲ.

ನನಗೆ ಮೊದಲು ಬಂದದ್ದು ಸಿಟ್ಟೇ. ಕರೆಂಟ್ ಸರಿಯಿಲ್ಲ, ಸ್ಪೀಕರ್ ಕೆಟ್ಟಿದೆ, ದೊರೆ ಮೋಸ ಮಾಡಿದಾನೆ ಅಂತ ಒಂದೊಂದಾಗಿ ಹುಡುಕಿದೆ. ಪಾಪಮ್ಮ ನನ್ನ ಕಡೆ ತಿರುಗಿದಳು. ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಇಟ್ಟುಕೊಂಡು “ಹೂಂ” ಎಂದಳು. ಗಿಟಾರಿನದೇ ದನಿ.

ಆಗ ತಿಳಿಯಿತು. ಆ ಮಗುವಿನ ಎರಡು ವರ್ಷದ ಕಲಿಕೆಯ ಬಾಯಿಗೆ ನಾನು ಹತ್ತಿ ತುಂಬಿ ಒಂಬತ್ತು ಗುಂಡಿ ಹೊಡೆದಿದ್ದೆ. ಅದನ್ನೇ ನೋಡಿ ಹೊಗಳಲಿ ಅಂತ ಮುಂದೆ ಬೇರೆ ಬಂದು ಕೂತಿದ್ದೆ. ಸೊಂಟದಲ್ಲಿ ಯಾವಾಗಲೂ ಸಿಕ್ಕಿಸಿಕೊಂಡಿರುವ ಚಾಕು ಇತ್ತು. ಎದ್ದು ವೇದಿಕೆ ಹತ್ತಿದೆ. ಹಿರಿಯರೊಬ್ಬರು “ಏಯ್, ಏನಪ್ಪಾ ಅದು” ಎಂದರು. ಚಾಕು ಹಿಡಿದವನನ್ನು ಅದಕ್ಕಿಂತ ಹೆಚ್ಚು ಯಾರೂ ಕೇಳಲಿಲ್ಲ.

ರೆಕ್ಸಿನ್ನಿನ ಹಿಂದೆ ಹತ್ತಿ, ಹತ್ತಿಯ ಹಿಂದೆ ದಬ್ಬೆ, ಅದರ ಹಿಂದೆ ಆ ಕಾಗದದ ಆಲಿಕೆ. ಚಾಕು ಒಂದು ಬೆರಳು ಆಳಕ್ಕೆ ಹೋದರೆ ಕಾಗದ ಹರಿದು ಎಲ್ಲವೂ ಮುಗಿಯುತ್ತಿತ್ತು. ಅಷ್ಟು ಅಂದದ ಕೆಲಸ ನಾನು ಅದಕ್ಕೆ ಮೊದಲು ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಕಣ್ಣು ಮಿಟುಕಿಸದೆ ದುಂಡಗೆ ಕೊಯ್ದೆ. ಒಂಬತ್ತು ಗುಂಡಿಯೂ ಒಟ್ಟಿಗೆ ಕಳಚಿ ಬಿತ್ತು. ಹತ್ತಿಯನ್ನು ಹಿಡಿಹಿಡಿ ಕಿತ್ತೆ, ದಬ್ಬೆ ಮುರಿದು ಎಸೆದೆ.

ಜಲಜಾ ದನಿ ಏರಿಸಿಟ್ಟಿದ್ದನ್ನು ಇಳಿಸಿರಲಿಲ್ಲ. ಕೀರ್ತನೆ ಪೆಂಡಾಲಿನ ತುಂಬ ಒಮ್ಮೆಲೇ ಬಂದು ನಿಂತಿತು. ಪಾನಕದ ಲೋಟ ಹಿಡಿದವರು ಹಿಡಿದಂತೆಯೇ ತಿರುಗಿದರು. ಬಾಡಿಗೆ ಫ್ಯಾನಿನ ಗಾಳಿಗೆ ಬೂರುಗದ ಹತ್ತಿ ಎದ್ದು ಹಿರಿಯರ ಪೇಟದ ಮೇಲೆ, ಕೋಸಂಬರಿಯ ಮೇಲೆ, ರಾಮದೇವರ ಕಿರೀಟದ ಮೇಲೂ ಕೂತಿತು. ಯಾರೂ ಎದ್ದು ಹೋಗಲಿಲ್ಲ. ಎದ್ದು ಹೋದವರು ಬಂದು ಕೂತರು. ನಾನು ಕೈಯಲ್ಲಿ ಚಾಕು, ಮೀಸೆಯ ತುಂಬ ಹತ್ತಿ ಇಟ್ಟುಕೊಂಡು ಕೊನೆಯವರೆಗೂ ವೇದಿಕೆಯ ಮೂಲೆಯಲ್ಲೇ ನಿಂತಿದ್ದೆ. ಇಳಿಯಬೇಕೆಂದು ಹೊಳೆಯಲೇ ಇಲ್ಲ.

ಮಂಗಳಾರತಿ ಆದ ಮೇಲೆ ಲಕ್ಷ್ಮೀಪತಿಯವರು ಮಗಳ ಹತ್ತಿರ ಬಂದರು. ಪೆಟ್ಟಿಗೆಯ ತೂತನ್ನು ನೋಡಿದರು, ನನ್ನನ್ನು ನೋಡಿದರು. “ಬೆಳಿಗ್ಗೆ ಹೊತ್ತು ನುಡಿಸ್ಕೋ. ಸಂಜೆ ನಂಗೆ ತಲೆನೋವಿರತ್ತೆ” ಎಂದಷ್ಟೇ ಹೇಳಿ ಚಪ್ಪಲಿ ಹುಡುಕಲು ಹೋದರು. ಜಲಜಾ ಮುಖ ಮುಚ್ಚಿಕೊಂಡು ಅತ್ತಳು. ನಾನೂ ಅತ್ತೆ ಅಂತ ಪಾಪಮ್ಮ ಹೇಳುತ್ತಾಳೆ. ಹತ್ತಿ ಕಣ್ಣಿಗೆ ಬಿದ್ದಿತ್ತು ಅಂತ ನಾನು ಹೇಳುತ್ತೇನೆ.

“ಮುಂಭಾಗ ಹೊಸದಾಗಿ ಮಾಡ್ಕೊಡ್ತೀನಿ ತಾಯಿ” ಎಂದೆ.

“ಬೇಡ” ಎಂದಳು, ತುಸು ಗಾಬರಿಯಿಂದಲೇ. “ಆ ಹಳೇ ಬಟ್ಟೆ ಇದ್ರೆ ಸಾಕು.”

ಹೊಸಹಳ್ಳಿಗೆ ನಡೆದುಕೊಂಡು ಬರುವಾಗ ಪಾಪಮ್ಮ ಸೆರಗಿಗೆ ಅಂಟಿದ ಹತ್ತಿಯನ್ನು ಬಿಡಿಸುತ್ತಿದ್ದಳು. ಊರ ಕೆರೆಯ ಹತ್ತಿರ ಬಂದಾಗ, ನನ್ನ ಮುಖ ನೋಡದೆ, “ಇವತ್ತೊಂದು ಕೆಲಸ ನೆಟ್ಟಗೆ ಮಾಡ್ದೆ” ಎಂದಳು. ಇಪ್ಪತ್ತು ವರ್ಷಕ್ಕೆ ಬಂದ ಹೊಗಳಿಕೆ. ಅದೂ ನಾನು ಹೊಲಿದದ್ದಕ್ಕಲ್ಲ, ಹೊಲಿದದ್ದನ್ನು ಕೊಯ್ದದ್ದಕ್ಕೆ.

ಬಟ್ಟೆ ನಮ್ಮ ಅಡುಗೆಮನೆಯ ಮೊಳೆಗೆ ನೇತಾಡುತ್ತಿತ್ತು. ಅವಳು ಅದರಲ್ಲಿ ಮಜ್ಜಿಗೆ ಸೋಸುತ್ತಿದ್ದಳು. ಎರಡು ಸಲ ಸೀಗೇಕಾಯಿ ಹಾಕಿ ಒಗೆದು, ಒಣಗಿಸಿ, ಮಾರನೇ ದಿನ ರಾಜಾಜಿನಗರಕ್ಕೆ ಹೋಗಿ ನಾನೇ ಹೊಡೆದು ಬಂದೆ. ಹನ್ನೆರಡು ಮೊಳೆ, ಒಂದೂ ಗುಂಡಿಯಿಲ್ಲ.