ದೇವರ ಜಗಲಿ ಮೇಲಿನ ಪುಸ್ತಕ

"ಸರ್, ಎಣ್ಣಿ ಹೊಡಿಯೋದರ ಬಗ್ಗೆ ನಿಮ್ಮ ಪುಸ್ತಕ ಐತಲ್ರಿ, ಅದೊಂದು ಬೇಕಾಗಿತ್ರಿ."

ಹೋದ ವಾರ ಬಂದ ಫೋನು. ಹೆಣ್ಣುಮಗಳ ದನಿ. ವಿಳಾಸ ಕೇಳಿದೆ, ಮಸ್ಕಿಯದು ಹೇಳಿದಳು. ಮೊದಲನೇ ಸಲ ತರಸಾಕತ್ತೀಯೇನವ್ವಾ ಅಂತ ಕೇಳಿದೆ. ಹೊಸ ಗಿರಾಕಿಗಳನ್ನು ಹೀಗೆ ವಿಚಾರಿಸಿಕೊಳ್ಳುವುದು ನನಗೊಂದು ಚಟ.

"ಇಲ್ರಿ. ಗಂಡನ ಮನ್ಯಾಗ ಒಂದೈತ್ರಿ. ಆದ್ರ ಅದನ್ನ ನಾ ಮುಟ್ಟಂಗಿಲ್ರಿ."

ನಕ್ಕುಬಿಟ್ಟೆ. ಗಂಡ ಹೆಂಡತಿ ಜಗಳವಿರಬೇಕು, ಪುಸ್ತಕವೂ ಪಾಲಾಗಿದೆ ಎಂದುಕೊಂಡೆ. ಆ ಕಡೆಯಿಂದ ನಗು ಬರಲಿಲ್ಲ.

ನೀವು ಹಳೆಯ ಓದುಗರು, ನನ್ನ ಈ ಪುಸ್ತಕದ ದಂಧೆ ನಿಮಗೆ ಗೊತ್ತೇ ಇದೆ. ಸಿಂಧನೂರಿನ ಮನೆಯಲ್ಲಿ ಕುಳಿತು ನಾನೇ ಬರೆದು, ನಾನೇ ಪ್ರಿಂಟ್ ಹಾಕಿಸಿ, ನಾನೇ ಅಂಚೆಗೆ ಹಾಕುವ ಸಣ್ಣ ಸಣ್ಣ ಪುಸ್ತಕಗಳು. ಕೆಟ್ಟ ಮಿಕ್ಸರ್ ನೀವೇ ಸರಿ ಮಾಡಿಕೊಳ್ಳುವುದು ಹೇಗೆ, ಮನೆಯಲ್ಲೇ ಫಿನೈಲ್ ಮಾಡುವುದು ಹೇಗೆ, ವಕೀಲರಿಲ್ಲದೆ ಅರ್ಜಿ ಬರೆಯುವುದು ಹೇಗೆ. ಸ್ಟೇಪ್ಲರ್ ಪಿನ್ನು ಹೊಡೆಯುವುದು ನನ್ನ ಹೆಂಡತಿ. ("ಜಗತ್ತಿಗೆಲ್ಲಾ ಹೆಂಗಂತ ಹೇಳಾವ್ರು, ಮನ್ಯಾಗಿನ ನಲ್ಲಿ ಸೋರಾಕತ್ತಿ ವರ್ಷಾತು" ಎನ್ನುವುದು ಆಕೆಯ ಖಾಯಂ ಡೈಲಾಗು.) ಈಗ ಆರ್ಡರು ವಾಟ್ಸಾಪಿನಲ್ಲಿ ಬರುತ್ತದೆ. ಆದರೂ ಪುಸ್ತಕ ಮಾತ್ರ ಅಂಚೆಯವನ ಕೈಯಿಂದಲೇ ಬರಬೇಕು ಅನ್ನುವವರು ನಮ್ಮ ಕಡೆ ಬಹಳ. ಕವರಿನ ಮೇಲೆ ತಮ್ಮ ಹೆಸರು, ಅಪ್ಪನ ಹೆಸರು, ಊರು, ತಾಲೂಕು ಎಲ್ಲ ಬರೆದಿರಬೇಕು. ಅದನ್ನು ಅಂಚೆಯವನು ಓಣಿಯಲ್ಲಿ ನಿಂತು ಕೂಗಬೇಕು. ಅದಕ್ಕೊಂದು ತೂಕ.

ಎಲ್ಲಕ್ಕಿಂತ ಹೆಚ್ಚು ಹೋಗುವುದು ಎಣ್ಣೆ ಹೊಡೆಯುವವರಿಗಾಗಿ ಬರೆದದ್ದು. (ಹೊರಗಿನವರಿಗೆ ಹೇಳಬೇಕು: ಇಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕಕ್ಕೆ ಎಣ್ಣೆ ಅನ್ನುತ್ತೇವೆ.) ಗಾಳಿ ಯಾವ ದಿಕ್ಕಿಗಿದ್ದಾಗ ಹೊಡೆಯಬೇಕು, ಪಂಪು ಸೋರಿದರೆ ಏನು ಮಾಡಬೇಕು, ಮೈಗೆ ಹತ್ತಿ ತಲೆ ಸುತ್ತಿದರೆ ಏನು ಮಾಡಬೇಕು. ಡಾಕ್ಟರ್ ಗೆಳೆಯರೊಬ್ಬರ ಮುಂದೆ ಕುಳಿತು ಒಂದೊಂದು ವಾಕ್ಯವನ್ನೂ ತಿದ್ದಿಸಿ ಬರೆದದ್ದು. ಜವಳಗೇರಾದ ಓದುಗರೊಬ್ಬರು ಫೋನ್ ಮಾಡಿ, "ನಿಮ್ಮ ಪುಸ್ತಕ ದೇವರ ಜಗಲಿ ಮ್ಯಾಲ ಇಟ್ಟೀವ್ರಿ ಸರ್" ಎಂದಾಗ ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ. ಮನೆಗೆ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಬರೆಯುವವನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಉಂಟೇ?

ಮಸ್ಕಿಯ ಆರ್ಡರನ್ನು ಅಂಚೆಗೆ ಹಾಕಲಿಲ್ಲ. ಅದೇ ಪುಸ್ತಕದ ಹೊಸ ಮುದ್ರಣದ ಕೆಲಸಕ್ಕೆ ಲಿಂಗಸುಗೂರಿನ ಪ್ರೆಸ್ಸಿಗೆ ಹೊರಟಿದ್ದೆ. ಮಸ್ಕಿ ದಾರಿಯಲ್ಲೇ. ಇಳಿದು ಕೊಟ್ಟು, ಒಂದು ಕಪ್ ಚಹಾ ಕುಡಿದು, ಮುಂದಿನ ಬಸ್ಸು ಹಿಡಿದರಾಯಿತು ಎಂದು ಲೆಕ್ಕ ಹಾಕಿದೆ. ಲೇಖಕ ಮನೆ ಬಾಗಿಲಿಗೇ ಬಂದರೆ ಓದುಗರು ಎಷ್ಟು ಖುಷಿಪಡುತ್ತಾರೆ!

ಬಸ್ ಸ್ಟ್ಯಾಂಡಿನ ಹಿಂದಿನ ಓಣಿ. ಕಟ್ಟೆಯ ಮೇಲಿದ್ದ ಹಿರಿಯರು "ಬರ್ರಿ, ಬರ್ರಿ" ಎಂದು ಎದ್ದರು. ಆಕೆಯ ತಂದೆ. ದನದ ವ್ಯಾಪಾರ ಮಾಡಿಕೊಂಡಿದ್ದವರು, ಈಗ ಮನೆಯಲ್ಲೇ. ಒಳಗಿನಿಂದ ನೀರಿನ ತಂಬಿಗೆ ಹಿಡಿದು ಆಕೆ ಬಂದಳು. ಇನ್ನೂ ಸಣ್ಣ ವಯಸ್ಸು. ತಂಬಿಗೆ ತೆಗೆದುಕೊಳ್ಳುವಾಗ ಕೈ ನೋಡಿದೆ. ಬಳೆ ಇರಲಿಲ್ಲ.

ಫೋನಿನಲ್ಲಿ ನಕ್ಕಿದ್ದೆನಲ್ಲ, ಅದು ನೆನಪಾಗಿ ನೀರು ಕುಡಿಯದೆ ತಂಬಿಗೆ ಕೆಳಗಿಟ್ಟೆ.

(ಆಕೆಯನ್ನು ಇಲ್ಲಿ ಮಹಾದೇವಿ ಎನ್ನುತ್ತೇನೆ. ನಿಜವಾದ ಹೆಸರು ಬೇರೆ. ಗಂಡನ ಊರು ವಳಕಮದಿನ್ನಿ ಎಂದುಕೊಳ್ಳಿ, ಇನ್ನೊಂದು ಎಂದುಕೊಳ್ಳಿ. ಕಾಲುವೆ ನೀರು ಹರಿದು ಭತ್ತ ಬೆಳೆಯುವ ಯಾವ ಊರಾದರೂ ಆದೀತು.)

"ನಿಮ್ಮ ಪುಸ್ತಕ ನಮ್ಮ ಮನ್ಯಾವರ ತರಿಸಿದ್ರು ಸರ್" ಎಂದಳು. ಅಂಚೆಯವನು ಕೊಟ್ಟ ದಿನ ಗಂಡ ಕವರು ಹರಿದು, ಅತ್ತ ಇತ್ತ ತಿರುವಿ ನೋಡಿ, ತಾಯಿಯ ಕೈಗೆ ಕೊಟ್ಟು ಜೋಪಾನವಾಗಿ ಇಡು ಎಂದಿದ್ದನಂತೆ. ಆ ಮನೆಯಲ್ಲಿ ಜೋಪಾನ ಎಂದರೆ ದೇವರ ಜಗಲಿ. ಹೊಲದ ಪತ್ರ, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲ ಅಲ್ಲೇ. ಅತ್ತೆ ಪುಸ್ತಕಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿ, ದೇವರ ಪಕ್ಕಕ್ಕೆ ಗೋಡೆಗೆ ಆನಿಸಿ ನಿಲ್ಲಿಸಿದರು.

ಅಲ್ಲಿಗೆ ಅದು ಪುಸ್ತಕವಾಗಿ ಉಳಿಯಲಿಲ್ಲ. ಜಗಲಿಯ ಮೇಲಿನದ್ದನ್ನು ಮುಟ್ಟಬೇಕಾದರೆ ಸ್ನಾನ ಆಗಿರಬೇಕು. ಗದ್ದೆಯಿಂದ ಕೆಸರುಗಾಲಲ್ಲಿ ಬಂದವನಿಗೆ ಓದೋಣ ಅನ್ನಿಸಿದಾಗ ಸ್ನಾನ ಆಗಿರುವುದಿಲ್ಲ. ಸ್ನಾನ ಆದ ಮೇಲೆ ಊಟ, ಊಟದ ಮೇಲೆ ನಿದ್ದೆ. ಮಹಾದೇವಿ ಪಿಯುಸಿ ಓದಿದವಳು, ತಾನಾದರೂ ಓದಬೇಕು ಅಂದುಕೊಂಡಿದ್ದಳು. "ದೇವರ ಮುಂದಿಂದು ತಗೊಂಡು ಅಡಿಗಿಮನ್ಯಾಗ ಕುಂತು ಓದ್ತೀಯೇನು" ಎಂದರಂತೆ ಅತ್ತೆ.

ಅದು ನಡೆದ ದಿನ ಅತ್ತೆ ಲಗ್ನಕ್ಕೆಂದು ಬೇರೆ ಊರಿಗೆ ಹೋಗಿದ್ದರು. ಗಂಡ ಮಧ್ಯಾಹ್ನಕ್ಕೇ ಗದ್ದೆಯಿಂದ ಬಂದ. ಗಾಳಿ ತಿರುಗಿತ್ತು, ಅಂಗಿಯೆಲ್ಲ ಎಣ್ಣೆಯಲ್ಲಿ ತೊಯ್ದಿತ್ತು. ಬಾಯಲ್ಲಿ ಜೊಲ್ಲು. ಕಣ್ಣು ಮಂಜಾಗಿದೆ ಎಂದ. ಕೈ ನಡುಗುತ್ತಿತ್ತು.

"ನಿಮ್ಮ ಪುಸ್ತಕದಾಗ ಇದಕ್ಕ ಐತಿ ಅಂತ ಗೊತ್ತಿತ್ತು ಸರ್. ಓಡಿ ದೇವರಕ್ವಾಣಿ ಬಾಗಲಕ್ಕ ಹೋದೆ. ನಾ ಆವತ್ತು ಹೊರಗಾಗಿದ್ದೆ."

ತಿಂಗಳ ಆ ದಿನಗಳಲ್ಲಿ ಹೆಣ್ಣುಮಕ್ಕಳು ದೇವರ ಕೋಣೆಯ ಹೊಸ್ತಿಲು ದಾಟುವಂತಿಲ್ಲ. ಇದನ್ನು ನಾನು ನಿಮಗೆ ಬಿಡಿಸಿ ಹೇಳಬೇಕೇ? ನಿಮ್ಮ ಮನೆಯಲ್ಲಿ ಇಲ್ಲವೇ?

ಅಂಥ ಹೊತ್ತಿನಲ್ಲೂ ಯಾಕೆ ದಾಟಲಿಲ್ಲ ಎಂದು ಬಾಯಿಯವರೆಗೆ ಬಂತು. ಅಷ್ಟರಲ್ಲಿ ಆಕೆಯೇ ಹೇಳಿದಳು.

"ಕಾಲು ಎತ್ತಿದ್ದೆ ಸರ್. ಈಗ ನಾ ಮೈಲಿಗಿ ಮಾಡಿ, ದೇವರು ಸಿಟ್ಟಾಗಿ, ಇವರಿಗೆ ಏನಾರ ಆತಂದ್ರ? ನನ್ನಿಂದ ಆತು ಅಂತಾಗತೈತಲ್ಲ ಅಂತ ಕಾಲು ಹಿಂದಕ್ಕ ತಗೊಂಡೆ."

ಬಾಜೂ ಮನೆಗೆ ಓಡಿದ್ದಾಳೆ. ಬೀಗ. ಎಲ್ಲರೂ ಗದ್ದೆಯಲ್ಲಿ. ತಿರುಗಿ ಬಂದು ಮತ್ತೆ ಅದೇ ಹೊಸ್ತಿಲಲ್ಲಿ ನಿಂತಿದ್ದಾಳೆ. ಕೊನೆಗೆ ಊರಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದ್ದಾಳೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದ್ದಾಳೆ. ಚಳಿ ಚಳಿ ಎಂದು ನಡುಗಿದವನಿಗೆ ರಗ್ಗು ಹೊದಿಸಿ, ಬಿಗಿಯಾಗಿ ಸುತ್ತಿ ಹಿಡಿದುಕೊಂಡಿದ್ದಾಳೆ. ಯಾರದೋ ಟ್ರ್ಯಾಕ್ಟರು ಸಿಗುವ ಹೊತ್ತಿಗೆ ಅವನಿಗೆ ಮಾತು ನಿಂತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು, "ವಾಂತಿ ಮಾಡಿಸಿದ್ದು ಯಾರು?" ಎಂದು ಗದರಿದರಂತೆ. ಲಗ್ನದ ಮನೆಯಿಂದ ಓಡಿ ಬಂದಿದ್ದ ಅತ್ತೆಯ ಕಿವಿಗೂ ಆ ಮಾತು ಬಿತ್ತು. ಮಗ ಉಳಿಯಲಿಲ್ಲ.

"ಅವತ್ತಿಂದ ಅತ್ತಿ ಒಂದ ಮಾತು ಸರ್. ನೀನ ಕೊಂದಿ ಅಂತಾರ. ಅದಕ್ಕ ಇಲ್ಲಿಗೆ ಬಂದೀನಿ. ನಿಮ್ಮ ಪುಸ್ತಕದಾಗ ಏನೈತಿ ಅಂತ ನಾ ಓದಬೇಕ್ರಿ. ಉಪ್ಪುನೀರು ಕೊಟ್ಟಿದ್ದು ತಪ್ಪೋ ಸರಿಯೋ ನನಗ ಗೊತ್ತಾಗಬೇಕ್ರಿ."

ತಂದೆ ನನ್ನ ಮುಖವನ್ನೇ ನೋಡುತ್ತಿದ್ದರು. "ಹೇಳ್ರಿ ಸಾಹೇಬ್ರ, ನೀವ ಬರದೀರಿ. ನನ್ನ ಮಗಳದೇನ್ ತಪ್ಪೈತಿ?"

ಆಕೆ ಕೇಳಿದ್ದು ಉಪ್ಪುನೀರಿನ ಬಗ್ಗೆ. ನನ್ನ ತಲೆಯಲ್ಲಿದ್ದದ್ದು ಆ ರಗ್ಗು. ಎಣ್ಣೆಯಲ್ಲಿ ತೊಯ್ದ ಅಂಗಿಯ ಮೇಲೆ ರಗ್ಗು. ನಾನು ಬರೆದ ಮೊದಲ ಸಾಲು ನನಗೆ ಬಾಯಿಪಾಠ: ತೊಯ್ದ ಬಟ್ಟೆ ತಕ್ಷಣ ಬಿಚ್ಚಿ. ಅಲ್ಲಿಂದ ಎದ್ದು ಓಡಿಹೋಗಬೇಕು ಅನ್ನಿಸಿತು. ಹೆದರಿದ್ದೆ. ಪುಸ್ತಕ ಕೊಡದೆ ತಪ್ಪಿಸಿಕೊಳ್ಳಲು ನೆಪ ಹೇಳಿದೆ.

"ಪುಸ್ತಕ ಹಳೇದೈತವ್ವಾ. ಹೊಸಾದು ಪ್ರಿಂಟಿಗೆ ಹೊಂಟೈತಿ. ಬಂದ ಮ್ಯಾಲ ಅದನ್ನ ಕಳಿಸ್ತೀನಿ."

"ಹಳೇದ ಕೊಡ್ರಿ ಸರ್" ಎಂದಳು. "ಅವರು ತರಿಸಿದ್ದು ಹಳೇದ."

ಚೀಲದಿಂದ ತೆಗೆದುಕೊಟ್ಟೆ. ಆಕೆ ಬಾಗಿಲಿಗೆ ಒರಗಿ, ಪುಟ ತಿರುವುತ್ತಾ ಹೋಗಿ, ಬೇಕಾದ ಜಾಗ ಹಿಡಿದಳು. ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಅಲ್ಲಿ ಇರುವುದು ನಾಲ್ಕೇ ಸಾಲು. ತೊಯ್ದ ಬಟ್ಟೆ ತಕ್ಷಣ ಬಿಚ್ಚಿ. ಸೋಪು ಹಚ್ಚಿ ಮೈಯೆಲ್ಲ ನೀರಿನಿಂದ ತೊಳೆಯಿರಿ. ವಾಂತಿ ಮಾಡಿಸಬೇಡಿ. ಎಣ್ಣೆಯ ಡಬ್ಬಿ ಜೊತೆಗೊಯ್ದು ತಕ್ಷಣ ಆಸ್ಪತ್ರೆಗೆ ಹೋಗಿ.

ಬೆರಳು ಮೊದಲ ಸಾಲಿನಲ್ಲೇ ನಿಂತುಬಿಟ್ಟಿತ್ತು.

"ಎಲ್ಲಾ ಬರೋಬ್ಬರಿ ಮಾಡಿದ್ರೂ ಒಮ್ಮೊಮ್ಮಿ ಉಳಿಯಂಗಿಲ್ಲವ್ವಾ" ಎಂದೆ. ಇದು ಸುಳ್ಳಲ್ಲ, ಡಾಕ್ಟರು ಗೆಳೆಯರೇ ಹೇಳಿದ ಮಾತು. ಆದರೆ ನನ್ನ ಬಾಯಲ್ಲಿ ಅದು ಸುಳ್ಳಿನ ಹಾಗೇ ಕೇಳಿಸಿತು.

"ಏನಂತ ಬರದೈತವ್ವಾ?" ತಂದೆ ಕೇಳಿದರು. ಅವರಿಗೆ ಓದು ಬರುವುದಿಲ್ಲ.

ಮಹಾದೇವಿ ಪುಸ್ತಕ ಮುಚ್ಚಿದಳು. "ಏನಿಲ್ಲಪ್ಪಾ. ನಾ ಮಾಡಿದ್ದ ಐತಿ."

"ಹಾಂ! ನಾ ಹೇಳಿದ್ದಿಲ್ಲ?" ಹಿರಿಯರು ಉಸಿರು ಬಿಟ್ಟು ಟವೆಲಿನಿಂದ ಮುಖ ಒರೆಸಿಕೊಂಡರು. ನನಗೆ ಕೈಮುಗಿದರು. ನಾನೂ ಕೈಮುಗಿದೆ. ಬೇರೆ ಏನು ಮಾಡಬಹುದಿತ್ತು?

ಚಹಾ ತರುತ್ತೇನೆಂದು ತಂದೆ ಹೋಟೆಲಿನ ಕಡೆ ಹೋದರು. ಅಷ್ಟು ಹೊತ್ತು ನಾವಿಬ್ಬರೇ. ಬಯ್ಯುತ್ತಾಳೆ ಎಂದುಕೊಂಡೆ. ಅಳುತ್ತಾಳೆ ಎಂದುಕೊಂಡೆ. ಆಕೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಹಿಡಿದಳು. ಮುಖಪುಟ. ನನ್ನ ಹೆಸರು ದಪ್ಪಕ್ಷರದಲ್ಲಿ. ಕೆಳಗೆ ಪೆನ್ನು ಹಿಡಿದು ಗಲ್ಲಕ್ಕೆ ಕೈಯಿಟ್ಟುಕೊಂಡ ನನ್ನ ಫೋಟೊ.

"ಜಗಲಿ ಮ್ಯಾಲ ಇದು ಹಿಂಗ ನಿಂತಿತ್ತು ಸರ್, ಬಾಗಲಕ್ಕ ಮುಖ ಮಾಡಿ. ನಾ ನಿಂತಲ್ಲಿಂದ ಎಲ್ಲಾ ಕಾಣತಿತ್ತು. ಆ ನಾಕು ಸಾಲು ಒಳಗ್ಯಾಕ ಹಾಕೀರಿ? ಹೊರಗ ಹಾಕಿದ್ರ ಹೊಸ್ತಿಲದಾಗ ನಿಂತ ಓದತಿದ್ದೆ."

ಮುಖಪುಟದ ಮೇಲೆ ಲೇಖಕನ ಹೆಸರಿರುತ್ತದೆ, ಇದು ಎಲ್ಲರೂ ಮಾಡುವುದು. ಹಾಗಂತ ಆಕೆಗೆ ಹೇಳಲೇ?

ಇದನ್ನು ಬರೆಯಲೇ ಎಂದು ಕೇಳಿದೆ. "ಬರೀರಿ. ಹೆಸರು ಹಾಕಬ್ಯಾಡ್ರಿ. ಅಪ್ಪಗ ಗೊತ್ತಾಗಬಾರದು, ಅಷ್ಟ" ಎಂದಳು. ತಂದೆ ತಂದ ಚಹಾ ಕುಡಿದು ಎದ್ದೆ. ಕುಡಿದದ್ದು ಚಹಾ ಎಂದು ತಿಳಿದದ್ದು ಲೋಟ ಕೆಳಗಿಟ್ಟಾಗಲೇ.

ಲಿಂಗಸುಗೂರಿನ ಬಸ್ಸಿನಲ್ಲಿ ಡ್ರೈವರಿನ ಹಿಂದೆ ಸೀಟು ಸಿಕ್ಕಿತು. ಎದುರಿಗೇ ಫಸ್ಟ್ ಏಡ್ ಬಾಕ್ಸ್. ಆಯುಧ ಪೂಜೆಯಲ್ಲಿ ಬಳಿದ ಕುಂಕುಮ ಹಾಗೇ ಒಣಗಿತ್ತು, ಒಂದು ಒಣ ಹಾರ ಜೋತುಬಿದ್ದಿತ್ತು, ಬಾಕ್ಸಿಗೆ ಬೀಗ. ಆಫೀಸುಗಳಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರು ನೋಡಿ, ಅದಕ್ಕೂ ಹೀಗೇ ಅರಿಶಿನ ಕುಂಕುಮ. ಹೇಗೆ ಬಳಸುವುದು ಎಂದು ಬರೆದ ಚೀಟಿಯ ಮೇಲೇ ಬಳಿದಿರುತ್ತಾರೆ. ಜೀವ ಉಳಿಸುವುದಕ್ಕೆಂದು ತಂದಿಟ್ಟದ್ದಕ್ಕೆ ಕೈಮುಗಿದು ದೂರ ನಿಲ್ಲುವ ಜನ ನಾವು. ಹಾಗೆ ದೂರ ನಿಲ್ಲಬೇಕಾದವರಲ್ಲಿ ಮನೆಯ ಹೆಣ್ಣುಮಕ್ಕಳೇ ಮೊದಲಿಗರು. ಅಡುಗೆ ಅವರದು, ಆರೈಕೆ ಅವರದು, ಯಾರಿಗಾದರೂ ಏನಾದರೂ ಆದರೆ ಮೊದಲು ಓಡಿ ಬರಬೇಕಾದವರೂ ಅವರೇ. ಮುಟ್ಟಬಾರದವರೂ ಅವರೇ. ಹೀಗಿದ್ದೂ ಕೊನೆಗೆ ಕೊಂದವಳು ಯಾರು? ಅವಳೇ!

ಸಿಟ್ಟು ಬಂತು. ಆ ಅತ್ತೆಯ ಮೇಲೆ ಬಂತು. ಆದರೆ ಆಕೆಯೂ ಮಗನನ್ನು ಕಳೆದುಕೊಂಡ ತಾಯಿ. ಜೋಪಾನ ಮಾಡು ಎಂದದ್ದು ಮಗನೇ, ಆಕೆ ತನಗೆ ತಿಳಿದ ಹಾಗೆ ಜೋಪಾನ ಮಾಡಿದಳು. ಹಾಗಾಗಿ ಸಿಟ್ಟು ಎಲ್ಲಿಗೂ ಹೋಗದೆ ನನ್ನ ಹತ್ತಿರವೇ ಉಳಿಯಿತು.

ಪ್ರೆಸ್ಸಿನಲ್ಲಿ ಹೊಸ ಮುಖಪುಟ ಕಂಪ್ಯೂಟರಿನ ಮೇಲೆ ರೆಡಿ ಇತ್ತು. ಹೊಸ ಫೋಟೊ ಬೇರೆ. "ಹೆಂಗ ಬಂದೈತ್ರಿ?" ಎಂದರು ಪ್ರೆಸ್ಸಿನವರು, ಹೆಮ್ಮೆಯಿಂದ. ಎಲ್ಲ ತೆಗೆಯಿರಿ ಎಂದೆ. ಫೋಟೊ ತೆಗೆಯಿರಿ, ಹೆಸರು ತೆಗೆಯಿರಿ, ಆ ನಾಲ್ಕು ಸಾಲು ದೊಡ್ಡ ಅಕ್ಷರದಲ್ಲಿ ಹಾಕಿ, ಬಾಗಿಲಿಗೆ ನಿಂತರೆ ಕಾಣಬೇಕು ಎಂದೆ. ಅವರು ನನ್ನನ್ನು ಅನುಮಾನದಿಂದ ನೋಡಿದರು.

"ಹೊರಗ ಓದಿಬಿಟ್ರ ಪುಸ್ತಕ ಯಾರು ತರಸ್ತಾರ್ರಿ? ಹೆಸರರ ಇರಲಿ ಬಿಡ್ರಿ. ನಿಮ್ಮ ಹೆಸರು ನೋಡೇ ಜನ ತಗೋತಾರ."

ನಿಜ, ಜನ ನನ್ನ ಹೆಸರನ್ನು ನೋಡುತ್ತಾರೆ. ಬೆನ್ನ ಹಿಂದೆ ಗಂಡ ಒದ್ದಾಡುತ್ತಿರುವಾಗ, ಆ ಹೊಸ್ತಿಲಲ್ಲಿ ನಿಂತು ಆಕೆ ಅದನ್ನು ಎಷ್ಟು ಸಲ ಓದಿರಬಹುದು, ನೀವೇ ಹೇಳಿ?