ಉಷಾರಾಣಿ ಬರೆದ ಗೀಟು, ಓಬಳಮ್ಮನ ಬೆನ್ನು

ರಾಯದುರ್ಗದ ಉಷಾರಾಣಿ ಹದಿನಾಲ್ಕು ವರ್ಷ ಜೀನ್ಸ್ ಹೊಲಿದವಳು. ಹೊಲಿಗೆ ಯಂತ್ರಗಳ ಕೆಟ್ಟ ಸರ್ಕ್ಯೂಟ್ ಬೋರ್ಡು ಬಿಚ್ಚುತ್ತಲೇ ವಿದ್ಯೆ ಕಲಿತು, ಈಗ ಬಾಲರಾಜು ಎಂಬವರ ಶೆಡ್ಡಿನಲ್ಲಿ, ಬೆನ್ನಿಗೆ ಹೊತ್ತು ಬೆಳೆಗೆ ಔಷಧಿ ಹೊಡೆಯುವ ಬ್ಯಾಟರಿ ಪಂಪಿಗೆ ಬೋರ್ಡಿನ ನಕ್ಷೆ ಬರೆಯುತ್ತಾಳೆ. ಬೋರ್ಡಿನಲ್ಲಿ ವೈರಿನ ಬದಲು, ದಪ್ಪದಲ್ಲಿ ಕೂದಲಿಗಿಂತ ತೆಳುವಾದ ತಾಮ್ರದ ಗೀಟಿರುತ್ತದೆ. ಬ್ಯಾಟರಿಯ ಕರೆಂಟೆಲ್ಲ ಅದರಲ್ಲೇ ಹರಿಯಬೇಕು. ಅಗಲ ಸಾಲದಿದ್ದರೆ ಗೀಟು ಕಾಯುತ್ತದೆ, ಕೊನೆಗೆ ಸುಡುತ್ತದೆ. ಎಷ್ಟು ಅಗಲ ಬೇಕೆಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಸುಟ್ಟ ಮೇಲೆ ಕೇಳುವುದು ಒಂದೇ: ಪಂಪು ಹೊತ್ತಿದ್ದವರು ಯಾರು?

ಮಾರ್ಚಿನಲ್ಲಿ ಹೊತ್ತಿದ್ದವಳು ಅಮರಾಪುರದ ಕಡೆಯ ಕೂಲಿಯವಳು, ಓಬಳಮ್ಮ. ಕಡಲೆಕಾಯಿ ಹೊಲದಲ್ಲಿ ಅವಳ ಬೆನ್ನ ಮೇಲೇ ಪಂಪು ಹೊತ್ತಿಕೊಂಡಿತು. ಹೊಲದೊಡೆಯ ಶ್ರೀನಿವಾಸ್, ಅವಳೇ ಪಂಪಿನ ಬ್ಯಾಟರಿ ಡಬ್ಬಿಯೊಳಗೆ ನೀರು ಬಿಟ್ಟಳೆಂದು ಊರಿಗೆಲ್ಲ ಹೇಳಿದ. ಆಮೇಲೆ ಯಾರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ.

ಸುಟ್ಟ ಬೋರ್ಡು ಶೆಡ್ಡಿಗೆ ಬಂತು. ಯಾಕೆ ಸುಟ್ಟಿತೆಂದು ಉಷಾರಾಣಿ ವರದಿ ಬರೆಯಬೇಕಿತ್ತು.

"ನೀರು ಬಿದ್ದಿತ್ತು ಅಂತ ಬರಿಯಮ್ಮ," ಎಂದರು ಬಾಲರಾಜು. "ಟೇಬಲ್ ಮ್ಯಾಲೆ ನಾಕು ತಾಸು ಓಡಿಸಿ ನೋಡೀವಿ."

"ಫ್ಯಾನಿನ ಕೆಳಗ ಓಡಿಸೀವಿ, ಅಣ್ಣ. ಡಬ್ಬಿ ಮುಚ್ಚಿರ್ಲಿಲ್ಲ."

"ಫ್ಯಾನ್ ಹಾಕಿದಾಕಿ ನೀನ."

"ಹೌದ್ರಿ. ಅದನ್ನೂ ಬರೀತೀನಿ."

ಅದೇ ನಮೂನೆಯ ಇನ್ನೊಂದು ಬೋರ್ಡನ್ನು ಡಬ್ಬಿಯಲ್ಲಿ ಮುಚ್ಚಿ, ಮೋಟಾರಿಗೆ ಭಾರ ಬೀಳಲೆಂದು ಪಂಪಿನ ಬಾಯಿ ಕಟ್ಟಿ, ಮಧ್ಯಾಹ್ನದ ಬಿಸಿಲಿಗೆ ಕಾದ ತಗಡಿನ ಮೇಲಿಟ್ಟು ಓಡಿಸಿದಳು. ಹನ್ನೊಂದನೇ ನಿಮಿಷಕ್ಕೆ ಸುಟ್ಟ ವಾಸನೆ. ಎರಡು ಮಿಲಿಮೀಟರಿನ ಗೀಟನ್ನು ಏಳಕ್ಕೇರಿಸಿದಳು. ಬೋರ್ಡಿನ ಹಿಂಬದಿಗೂ ಅಷ್ಟೇ ಅಗಲದ ತಾಮ್ರ ಹಾಕಿ, ಸಾಲು ತೂತುಗಳಿಂದ ಎರಡನ್ನೂ ಬೆಸೆದಳು. ಬಾಲರಾಜು ಉಳಿತಾಯಕ್ಕೆಂದು ಕೈಬಿಟ್ಟಿದ್ದ ಫ್ಯೂಸನ್ನೂ ಸೇರಿಸಿದಳು. ಆಮೇಲೆ ಅಮರಾಪುರದ ಬಸ್ಸು ಹತ್ತಿದಳು.

ಓಬಳಮ್ಮ ಸೆರಗು ಸರಿಸಿ ಬೆನ್ನು ತೋರಿಸಿದಳು. ಗಾಯ ಅಂಗೈ ಅಗಲ.

"ನಾನು ನೀರು ಬಿಡ್ಲಿಲ್ಲ ಕಣಮ್ಮ."

"ಗೊತ್ತೈತಿ, ಅವ್ವ. ಗೀಟು ಬರೆದಾಕಿ ನಾನು. ಅಗಲ ಸಾಲಲಿಲ್ಲ. ತಪ್ಪು ನಂದು."

ಓಬಳಮ್ಮ ಸೆರಗು ಹೊದ್ದುಕೊಂಡಳು. "ಮನೆಯಾಗೆ ಹೇಳಿ ಏನು ಬಂತು? ಡೈರಿ ತಾವ ಬಂದು ಹೇಳು. ಅವ್ರೆಲ್ಲ ನನ್ನ ಆಡ್ಕಂಡಿದ್ದು ಅಲ್ಲೇಯ."

ಸಂಜೆ ಹಾಲು ಅಳೆಯುವ ಹೊತ್ತು. ಕ್ಯಾನು ಹಿಡಿದು ನಿಂತವರ ಮುಂದೆ ಉಷಾರಾಣಿ ಸುಟ್ಟ ಬೋರ್ಡು ಹಿಡಿದು ಹೇಳಿದಳು: ತಪ್ಪು ತನ್ನದು, ಈ ಪಂಪು ಇರುವವರೆಲ್ಲ ವಾಪಸು ಕೊಡಿ.

"ಕಂಪನಿಯೋರೇ ಒಪ್ಕಂಡ್ರೆ ನಮ್ದೇನೈತೆ," ಎಂದ ಶ್ರೀನಿವಾಸ್. ಕ್ಷಮೆಯ ಮಾತಿಲ್ಲ. ಇಂಥವರ ನಾಲಿಗೆಗೆ ದೂರುವುದೊಂದೇ ಗೊತ್ತು.

ಮರುದಿನ ಅವನೇ ಓಬಳಮ್ಮನನ್ನು ಕೆಲಸಕ್ಕೆ ಕರೆದ. ಅವಳು ಹೋದಳು, ಕಳೆ ತೆಗೆಯಲು. ಪಂಪು ಹೊರಲು ಮಾತ್ರ ಒಪ್ಪಲಿಲ್ಲ.